ಎರಡನೇ ಸಲ ಬಂದ ‘ತಂದೆ’

ಗ್ವಾವ್ ಊರಿನಲ್ಲಿ ಯಾರಾದರೂ ಸತ್ತರೆ ಜನ ಮೊದಲು ಓಡುತ್ತಿದ್ದದ್ದು ಪಾದ್ರಿಯ ಬಳಿಗಲ್ಲ, ಶವಪೆಟ್ಟಿಗೆ ಅಂಗಡಿಗೂ ಅಲ್ಲ. ಥಿಯೊಡೋರಾ ಲ್ಯಾಂಬರ್ಟ್ ಮನೆಗೆ. ಪೆಟ್ಟಿಗೆ ಒಂದು ದಿನ ತಡವಾದರೆ ನಡೆಯುತ್ತದೆ, ಮೀನುಗಾರರ ಊರು, ಮಂಜುಗಡ್ಡೆಗೆ ಬರವಿಲ್ಲ. ಪಾದ್ರಿಯಂತೂ ಎಲ್ಲೂ ಓಡಿಹೋಗುವವನಲ್ಲ. ಆದರೆ ರೇಡಿಯೋಗೆ ಹೋಗುವ ಕಾಗದ ಬೆಳಗಿನ ಒಂಬತ್ತರ ಬಸ್ಸು ಹಿಡಿಯಲೇಬೇಕು. ಆ ಕಾಗದ ಬರೆಯುವವಳು ಅವಳು. ಊರಿಗೆಲ್ಲ ಮಿಸ್ ಡೋರಾ.

ಮಧ್ಯಾಹ್ನದ ವಾರ್ತೆಗೆ ಮುಂಚೆ ಐದು ನಿಮಿಷ ಮರಣದ ಪ್ರಕಟಣೆ. ಅಷ್ಟು ಹೊತ್ತು ದ್ವೀಪಕ್ಕೆ ದ್ವೀಪವೇ ಬಾಯಿ ಮುಚ್ಚಿಕೊಳ್ಳುತ್ತದೆ. ರಮ್ ಅಂಗಡಿಯಲ್ಲಿ ಡಾಮಿನೋ ಕಾಯಿ ಎತ್ತಿದ ಕೈ ಎತ್ತಿದ ಹಾಗೇ ನಿಲ್ಲುತ್ತದೆ, ತಕ್ಕಡಿಗೆ ಹಾಕಿದ ಉಪ್ಪುಮೀನು ತಕ್ಕಡಿಯಲ್ಲೇ ತೂಗಾಡುತ್ತದೆ, ಜಗಳದ ನಡುವೆ ಇದ್ದ ಗಂಡಹೆಂಡಿರು ಆಮೇಲೆ ಮುಂದುವರಿಸೋಣ ಎಂದು ಕೂತುಕೊಳ್ಳುತ್ತಾರೆ. ಇಂಥವರು, ಇಂಥ ಬೀದಿಯವರು, ಇಷ್ಟು ವಯಸ್ಸಿನವರು, ತಂದೆ, ಇಂತಿಂಥವರಿಗೆ, ಅಣ್ಣ, ಇಂತಿಂಥವರಿಗೆ, ದೊಡ್ಡಪ್ಪ, ಮಾವ, ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊತ್ತ ಜ್ಞಾನಪಿತ, ಇಂತಿಂಥವರಿಗೆ, ಗೆಳೆಯರು ಹೇಳಿ ಮುಗಿಯದಷ್ಟು. ಅವರ ಇಂಗ್ಲಿಷಿನಲ್ಲಿ ‘ತಂದೆ’ ಎಂಬ ಮಾತು ಮುಂದೆ ಬರುತ್ತದೆ, ಮಕ್ಕಳ ಹೆಸರುಗಳು ಅದರ ಹಿಂದೆ ದಾರಕ್ಕೆ ಪೋಣಿಸಿದ ಮೀನಿನಂತೆ ಸಾಲಾಗಿ ಬರುತ್ತವೆ.

ಸತ್ತವನು ಯಾರೆಂಬುದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತು. ಕಿವಿಗೊಡುವುದು ಯಾರ ಹೆಸರು ಎಲ್ಲಿ ಬಂತು ಎಂದು ತಿಳಿಯುವುದಕ್ಕೆ. ರೇಡಿಯೋದಲ್ಲಿ ಬಂದ ಸಾಲೇ ಇಗರ್ಜಿಯಲ್ಲಿ ಕೂರುವ ಸಾಲು. ಹೆಸರು ಮೊದಲು ಬಂದವರಿಗೆ ಮೊದಲ ಬೆಂಚು, ಆಮೇಲೆ ಬಂದವರಿಗೆ ಆಮೇಲಿನದು, ಬಾರದವರು ಬಾಗಿಲ ಬಳಿ ಬೀಸಣಿಗೆ ಬೀಸಿಕೊಂಡು ನಿಲ್ಲಬೇಕು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ; ಬರೆದಿಟ್ಟ ಕಾನೂನನ್ನಾದರೂ ಜನ ಮುರಿಯುತ್ತಾರೆ, ಇದನ್ನು ಮುರಿದವರಿಲ್ಲ.

ಡೋರಾಳ ಹೊಟ್ಟೆಪಾಡು ಜಾಯಿಕಾಯಿ ಗೋದಾಮಿನಲ್ಲಿ. ಇಪ್ಪತ್ತೆಂಟು ವರ್ಷದಿಂದ ಉದ್ದನೆಯ ಮೇಜಿನ ಮುಂದೆ ಕೂತು ದೊಡ್ಡ ಕಾಯಿ, ಸಣ್ಣ ಕಾಯಿ, ಹುಳುಕು ಕಾಯಿ ಬೇರೆ ಮಾಡುವ ಕೆಲಸ. ಅದಕ್ಕೂ ಮುಂಚೆ ಎರಡು ವರ್ಷ ಶಾಲೆಯಲ್ಲಿ ಚಿಕ್ಕ ಟೀಚರಾಗಿದ್ದಳು. ಅಲ್ಲಿದ್ದ ಹೆಡ್ಮಾಸ್ತರರು ಮಾತಿನ ವಿಷಯದಲ್ಲಿ ಜಿಪುಣರು. ಒಂದು ಮಾತು ಎಲ್ಲರ ತಲೆಯ ಮೇಲೂ ಒಂದೇ ಸಮ ಕೂರುವುದಾದರೆ ಒಂದೇ ಸಲ ಹೇಳು ಎನ್ನುತ್ತಿದ್ದರು. ನಡುವೆ ಇನ್ನೇನೋ ನುಗ್ಗಿ ಕೇಳುವವನು ದಾರಿ ತಪ್ಪುವ ಹಾಗಿದ್ದರೆ ಇನ್ನೊಮ್ಮೆ ಹೇಳು. ಇಂಗ್ಲಿಷಿನಲ್ಲಿ ‘ದೋಣಿಯ ಒಡೆಯ ಮತ್ತು ಅಡುಗೆಯವ’ ಎಂದರೆ ಒಬ್ಬನೇ ಬಡಪಾಯಿ ಎರಡು ಕೆಲಸ ಮಾಡುತ್ತಿದ್ದಾನೆ. ‘ದೋಣಿಯ ಒಡೆಯ ಮತ್ತು ದೋಣಿಯ ಅಡುಗೆಯವ’ ಎಂದರೆ ಇಬ್ಬರು ಬಂದರು, ಇನ್ನೊಂದು ತಟ್ಟೆ ಇಡಬೇಕು. ಹೆಡ್ಮಾಸ್ತರರು ಸತ್ತು ಯಾವ ಕಾಲವಾಯಿತೋ. ಅವರ ಪ್ರಕಟಣೆ ಬರೆದವಳೂ ಡೋರಾ. ಒಂದು ಮಾತೂ ಎರಡು ಸಲ ಬರಲಿಲ್ಲ.

ಜನ ತರುತ್ತಿದ್ದ ಪಟ್ಟಿಗಳನ್ನು ನೋಡಬೇಕು. ಕಟುಕ ಹ್ಯೂಬರ್ಟ್ ಅಲೆಕ್ಸಿಸ್ ತನ್ನಣ್ಣ ಸತ್ತಾಗ ಹನ್ನೊಂದು ಜನ ಒಡಹುಟ್ಟಿದವರಿಗೆ ಹನ್ನೊಂದು ಸಲ ‘ಅಣ್ಣ’ ಎಂದು ಬರೆದುಕೊಂಡು ಬಂದಿದ್ದ.

“ಹ್ಯೂಬರ್ಟ್, ಒಂದು ‘ಅಣ್ಣ’ ಸಾಕು ಕಣಪ್ಪ.”

“ಅದ್ಹೆಂಗೆ ಸಾಕಾಗುತ್ತೆ ಮಿಸ್ ಡೋರಾ? ಹನ್ನೊಂದು ಜನ ಇದೀವಿ. ಒಂದೇ ಅಣ್ಣನ್ನ ಹನ್ನೊಂದು ತುಂಡು ಮಾಡೋಕಾಗುತ್ತಾ?”

“ನೀನು ಕಟುಕ, ನೀನೇ ಹೇಳು. ಬದುಕಿದ್ದಾಗ ಅವನು ಎಷ್ಟು ಜನ ಇದ್ದ?”

“ಒಬ್ಬನೇ.”

“ಸತ್ತಮೇಲೆ ಹನ್ನೊಂದು ಆದನಾ?”

ಹ್ಯೂಬರ್ಟ್ ತಲೆ ಕೆರೆದುಕೊಂಡು ಹೋದ. ರೇಡಿಯೋದಲ್ಲಿ ಕೇಳಿದ ಮೇಲೆ ಒಂದು ತೊಡೆ ಮಾಂಸ ಕಳಿಸಿದ. ಡೋರಾ ಬರೆದದ್ದಕ್ಕೆ ಕೂಲಿ ಕೇಳುತ್ತಿರಲಿಲ್ಲ. ಕೇಳದವರಿಗೆ ಜನ ಹೆಚ್ಚು ಕೊಡುತ್ತಾರೆ ಎಂಬುದು ಅವಳಿಗೂ ಗೊತ್ತಿತ್ತು.

ಅವಳಿಗೊಂದು ಹೆಮ್ಮೆಯಿತ್ತು, ಮಾಂಸಕ್ಕಿಂತ ದೊಡ್ಡದು. ಅವಳ ಕಾಗದದಲ್ಲಿ ಮದುವೆಯ ಮಕ್ಕಳು, ಹೊರಗಿನ ಮಕ್ಕಳು ಎಂದು ಎರಡು ‘ತಂದೆ’ ಬರುತ್ತಿರಲಿಲ್ಲ. ಎಲ್ಲರೂ ಒಂದೇ ದಾರದಲ್ಲಿ. ಯಾರಾದರೂ ತಕರಾರು ತೆಗೆದರೆ ಹೆಡ್ಮಾಸ್ತರರ ನಿಯಮ ಮುಂದಿಡುತ್ತಿದ್ದಳು: ಒಬ್ಬನೇ ಮನುಷ್ಯ, ಒಂದೇ ಮಾತು, ಎರಡು ಸಲ ಹೇಳಿದರೆ ಇಂಗ್ಲಿಷ್ ಕೆಡುತ್ತದೆ. ಇಂಗ್ಲಿಷ್ ಕೆಡಿಸಿದರು ಎಂಬ ಹೆಸರು ಯಾರಿಗೂ ಬೇಡ, ಸುಮ್ಮನಾಗುತ್ತಿದ್ದರು. ನಿಜವಾದ ಕಾರಣ ಬೇರೆಯಿತ್ತು, ಅದೂ ಊರಿಗೆ ಗೊತ್ತಿತ್ತು. ಮೂವತ್ತು ವರ್ಷದ ಹಿಂದೆ ಬಂದರಿನ ಗುಮಾಸ್ತನೊಬ್ಬ ಸತ್ತಾಗ ಇಪ್ಪತ್ತು ವರ್ಷದ ಡೋರಾ ಬೀದಿ ನಲ್ಲಿಯ ಕೆಳಗೆ ಬಕೆಟ್ ಇಟ್ಟುಕೊಂಡು ನಿಂತಿದ್ದಳು. ರೇಡಿಯೋದಲ್ಲಿ ಅವನ ಮಕ್ಕಳ ಹೆಸರು ಬಂತು, ತಮ್ಮಂದಿರು ಬಂದರು, ಸೋದರಳಿಯರು ಬಂದರು, ಎಲ್ಲ ಮುಗಿದ ಮೇಲೆ ‘ಥಿಯೊಡೋರಾಗೂ ತಂದೆ’ ಎಂದು ಬಂತು. ಸಾಲಿನಲ್ಲಿದ್ದ ಒಬ್ಬಳು, “ಓ, ನಿಂಗೂ ಒಬ್ಬ ಇದ್ದನಾ?” ಎಂದಳು. ಡೋರಾ ಬಕೆಟ್ ಅಲ್ಲೇ ಬಿಟ್ಟು ಮನೆಗೆ ನಡೆದಳು.

ಇಷ್ಟೆಲ್ಲ ಗೊತ್ತಿದ್ದವಳು ಆನ್ಸೆಲ್ಮ್ ಬ್ಯಾಪ್ಟಿಸ್ಟ್ ಸತ್ತಾಗ ಮಾಡಿದ್ದನ್ನು ಈಗ ಹೇಳಬೇಕು.

ಆನ್ಸೆಲ್ಮ್ ದೋಣಿ ಕಟ್ಟುವವನು, ಎಪ್ಪತ್ತೆಂಟು ವರ್ಷ. ಮೇಲಿನ ಬೀದಿಯಲ್ಲಿ ಮನೆ. ಹೆಂಡತಿ ಇಸ್ಮೇ, ಮಕ್ಕಳು ಕೆನ್ರಿಕ್, ಲಿಸ್ಟ್ರಾ, ಆಲ್ಬನ್. ಕೆಳಗಿನ ಬೀದಿಯಲ್ಲಿ ಬ್ರೆಡ್ ಸುಡುವ ವರ್ನಾ ಕೂಡ ಅವನ ಮಗಳೇ, ತಾಯಿ ಮಾತ್ರ ಬೇರೆ. ಕೊನೆಯ ಆರು ವರ್ಷ ಅವನ ಅರ್ಧ ಮೈ ಬಿದ್ದುಹೋಗಿತ್ತು. ಇಸ್ಮೇಗೆ ಮಂಡಿನೋವು, ಕೆನ್ರಿಕ್, ಲಿಸ್ಟ್ರಾ ಸಮುದ್ರದಾಚೆ, ಆಲ್ಬನ್‌ಗೆ ಶಾಲೆಯ ಕೆಲಸ. ದಿನಾ ಬೆಳಿಗ್ಗೆ ಬ್ರೆಡ್ ತಟ್ಟೆ ಇಳಿಸಿದ ಮೇಲೆ ವರ್ನಾ ಬಂದು ಅವನ ಮೈ ಒರೆಸಿ, ಗಡ್ಡ ಬೋಳಿಸಿ, ಗಂಜಿ ಕುಡಿಸಿ ಹೋಗುತ್ತಿದ್ದಳು. ಬರುತ್ತಿದ್ದದ್ದೂ ಅಡುಗೆಮನೆ ಬಾಗಿಲಿನಿಂದ, ಹೋಗುತ್ತಿದ್ದದ್ದೂ ಅದೇ ಬಾಗಿಲಿನಿಂದ.

ಅವನು ಹೋದ ದಿನ ಬೆಳಕು ಹರಿಯುವ ಹೊತ್ತಿಗೇ ವರ್ನಾ ಡೋರಾಳ ಬಾಗಿಲಲ್ಲಿ ನಿಂತಿದ್ದಳು, ಮೊಣಕೈವರೆಗೂ ಹಿಟ್ಟು.

“ಮಿಸ್ ಡೋರಾ, ಅಪ್ಪ ಹೋಗಿಬಿಟ್ಟ.”

“ಅಯ್ಯೋ ಮಗಳೇ. ಬಾ, ಕೂತ್ಕೋ. ಬಿಸಿ ಕೋಕೋ ಇದೆ.”

“ಕೂರೋಕೆ ಟೈಮಿಲ್ಲ, ಒಲೇಲಿ ಬ್ರೆಡ್ ಇದೆ. ಒಂದೇ ಒಂದು ಮಾತು. ಆಲ್ಬನ್ ಆದ್ಮೇಲೆ ನನ್ನ ಹೆಸರು ಹಾಕಿ. ಅಷ್ಟೇ. ನಂಗೆ ಅಂತ ಇನ್ನೊಂದು ಸಲ ‘ತಂದೆ’ ಬರೀಬೇಡಿ. ಇರೋ ಒಂದೇ ನಾಲ್ಕೂ ಜನಕ್ಕೆ ಸಾಕು.”

“ಸಾಕಾಗದೆ ಏನು? ಹನ್ನೊಂದು ಜನಕ್ಕೆ ಒಂದು ‘ಅಣ್ಣ’ ಹಂಚಿದವಳು ನಾನು.”

ವರ್ನಾ ಅಳುವಿನ ನಡುವೆಯೂ ನಕ್ಕಳು. “ನಂಗೆ ಮನೆ ಬೇಡ, ಅವನ ಉಳಿ ಬಾಚಿ ಬೇಡ. ಅವತ್ತು ಒಂದಿನ ಮೊದಲ್ನೇ ಬೆಂಚಲ್ಲಿ ಕೂರ್ಬೇಕು. ತುದೀಲಾದ್ರೂ ಸರಿ. ಮಾತು ಕೊಡ್ತೀರಾ?”

“ಕೊಟ್ಟೆ, ಹೋಗು. ಬ್ರೆಡ್ ಸೀದುಹೋಗುತ್ತೆ.”

ಹೆಸರುಗಳನ್ನು ಬರೆದುಕೊಳ್ಳಲು ಏಳು ಗಂಟೆಗೆ ಡೋರಾ ಮೇಲಿನ ಬೀದಿಗೆ ಹೋದಳು. ಅಭ್ಯಾಸದಂತೆ ವರಾಂಡದಲ್ಲೇ ನಿಂತಳು.

“ಯಾಕೆ ಅಲ್ಲೇ ನಿಂತೆ, ಮೀನು ಮಾರೋಳ ಥರ?” ಎಂದು ಒಳಗಿನಿಂದ ಇಸ್ಮೇ ಕರೆದಳು. “ಒಳಗೆ ಬಾ ಡೋರಾ. ಕೂತ್ಕೋ. ಆ ಕುರ್ಚಿ ಅಲ್ಲ, ಈ ಕುರ್ಚಿ.”

ಆ ಮುಂದಿನ ಕೋಣೆಗೆ ಡೋರಾ ಕಾಲಿಟ್ಟದ್ದು ಅದೇ ಮೊದಲು. ಮೇಣ ಹಾಕಿ ಉಜ್ಜಿದ ನೆಲ, ಕೈಹೆಣಿಗೆಯ ಬಿಳಿ ಹಾಸು, ಪಿಂಗಾಣಿ ಕಪ್ಪಿನಲ್ಲಿ ಕಾಫಿ. ಕಪ್ಪಿನ ಅಂಚಿಗೆ ಚಿನ್ನದ ಗೆರೆ. ಗಿರಾಕಿಗೆ ಕುರ್ಚಿ ಕೊಟ್ಟರೆ ಅರ್ಧ ವ್ಯಾಪಾರ ಮುಗಿದ ಹಾಗೆ ಎಂಬುದನ್ನು ಇಸ್ಮೇಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳು ಹೇಳುತ್ತಾ ಹೋದಳು, ಡೋರಾ ಬರೆದುಕೊಳ್ಳುತ್ತಾ ಹೋದಳು. ಮಕ್ಕಳು ಮೂವರು. ತಮ್ಮಂದಿರು, ನಾದಿನಿಯರು, ಬ್ರೂಕ್ಲಿನ್ನಿನ ಸೋದರಳಿಯರು, ಜ್ಞಾನಪಿತನಾಗಿ ನಿಂತಿದ್ದ ಏಳು ಮಕ್ಕಳು.

“ವರ್ನಾ?” ಎಂದಳು ಡೋರಾ. ತಲೆ ಎತ್ತಲಿಲ್ಲ.

“ನಾನೇನು ಕೆಟ್ಟವಳಲ್ಲಮ್ಮ. ಬೇಡ ಅಂತೀನಾ? ಹಾಕು. ಆರು ವರ್ಷ ನೋಡ್ಕೊಂಡಿದಾಳೆ, ನಾನು ನೋಡಿಲ್ವಾ? ಆದ್ರೆ ಎಲ್ಲಿ ಹಾಕ್ಬೇಕೋ ಅಲ್ಲಿ ಹಾಕು. ಜ್ಞಾನಪಿತ ಎಲ್ಲ ಮುಗೀಲಿ. ಆಮೇಲೆ ‘ವರ್ನಾಗೂ ತಂದೆ’. ನಾಲ್ಕು ಜನದ ಮುಂದೆ ನನ್ನ ಮಕ್ಕಳ ಮುಖ ಉಳೀಬೇಕಲ್ಲ.”

ಡೋರಾ ಪೆನ್ಸಿಲ್ ಹಿಡಿದುಕೊಂಡೇ ಕೂತಿದ್ದಳು. ನಿಯಮ ಹೇಳಬೇಕು, ಇಂಗ್ಲಿಷ್ ಕೆಡುತ್ತದೆ ಎನ್ನಬೇಕು. ನೂರು ಸಲ ಹೇಳಿದ ಮಾತು, ನಾಲಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಇಸ್ಮೇ ಇನ್ನಷ್ಟು ಕಾಫಿ ಬಗ್ಗಿಸಿದಳು.

“ಇನ್ನೊಂದು ವಿಷಯ. ಇಗರ್ಜೀಲಿ ಅವರ ಜೀವನ ಓದ್ಬೇಕಲ್ಲ, ಆಲ್ಬನ್ ಕೈಲಿ ಆಗಲ್ಲ, ಈಗ್ಲೇ ಗಂಟಲು ಕಟ್ಟಿಕೊಂಡಿದೆ. ನೀನೇ ಓದು ಡೋರಾ. ಎಷ್ಟು ಜನಕ್ಕೆ ಬರ್ಕೊಟ್ಟಿದೀಯ, ಒಂದಿನನಾದ್ರೂ ಯಾರಾದ್ರೂ ನಿನ್ನ ಕರೆದು ಓದು ಅಂದ್ರಾ?”

ಯಾರೂ ಅಂದಿರಲಿಲ್ಲ. ಮುನ್ನೂರಕ್ಕೂ ಹೆಚ್ಚು ಸತ್ತವರ ಜೀವನ ಅವಳು ಬರೆದಿದ್ದಳು. ಓದುತ್ತಿದ್ದವರು ಬ್ಯಾಂಕಿನ ಮ್ಯಾನೇಜರು, ಶಾಲೆಯ ಇನ್ಸ್‌ಪೆಕ್ಟರು, ಟೊರಾಂಟೊದಿಂದ ಬಂದ ಕೋಟಿನ ಅಳಿಯ. ಅವರು ತಪ್ಪು ಕಡೆ ಉಸಿರು ಎಳೆದುಕೊಂಡಾಗ ಹಿಂದಿನ ಬೆಂಚಿನಲ್ಲಿ ಕೂತ ಅವಳು ತುಟಿಯಲ್ಲೇ ತಿದ್ದಿಕೊಳ್ಳುತ್ತಿದ್ದಳು. ಹೊರಗಿನ ಮಗಳೊಬ್ಬಳು ಪಾದ್ರಿಯ ಪಕ್ಕ ನಿಂತು ಓದಿದ್ದು ಆ ಊರಿನಲ್ಲಿ ಯಾರಿಗೂ ನೆನಪಿಲ್ಲ.

“ಓದ್ತೀನಿ,” ಎಂದಳು.

ಇಬ್ಬರೂ ಬೆಲೆ ಹೇಳಲಿಲ್ಲ, ಇಬ್ಬರೂ ಚೌಕಾಸಿ ಮಾಡಲಿಲ್ಲ. ಅಷ್ಟು ಸಲೀಸಾಗಿ ಮುಗಿದ ವ್ಯಾಪಾರದಲ್ಲಿ ಯಾರೋ ಒಬ್ಬರು ಮುಳುಗಿರುತ್ತಾರೆ. ಇಲ್ಲಿ ಮುಳುಗಿದವಳು ಅಂಗಡಿಯಲ್ಲೇ ಇರಲಿಲ್ಲ.

ಮನೆಗೆ ಬಂದು ಶುದ್ಧಪ್ರತಿ ಬರೆಯುವಾಗ ಡೋರಾ ತನಗೆ ತಾನೇ ಪಾಠ ಹೇಳಿಕೊಂಡಳು. ನಡುವೆ ತಮ್ಮಂದಿರು, ನಾದಿನಿಯರು, ಸೋದರಳಿಯರು ಬಂದು ನಿಂತ ಮೇಲೆ ‘ತಂದೆ’ ಎಂಬುದನ್ನು ಇನ್ನೊಮ್ಮೆ ಹೇಳದಿದ್ದರೆ ವರ್ನಾ ಅವನಿಗೆ ಏನಾಗಬೇಕೆಂದು ಕೇಳುವವರಿಗೆ ತಿಳಿಯುವುದು ಹೇಗೆ? ಹೇಳಲೇಬೇಕು. ಹೆಡ್ಮಾಸ್ತರರೇ ಎದ್ದು ಬಂದರೂ ತಪ್ಪು ಹುಡುಕಲಾರರು. ವರ್ನಾಳನ್ನು ಅಷ್ಟು ದೂರ ಒಯ್ದು ಕೂರಿಸಿದವರು ಯಾರು ಎಂದು ಮಾತ್ರ ನಿಯಮ ಕೇಳುವುದಿಲ್ಲ. ಅವಳೂ ಕೇಳಿಕೊಳ್ಳಲಿಲ್ಲ. ಶವಪೆಟ್ಟಿಗೆ ಅಂಗಡಿಯ ಕಾಸ್ಮೋ ಬಂದು ಕಾಗದ ತೆಗೆದುಕೊಂಡು, ಇಸ್ಮೇಯ ಸಹಿ ಹಾಕಿಸಿಕೊಂಡು ಬಸ್ಸು ಹಿಡಿದ.

ಮಧ್ಯಾಹ್ನ ಗೋದಾಮಿನಲ್ಲಿ ಮೂವತ್ತು ಹೆಂಗಸರ ಕೈ ಒಟ್ಟಿಗೆ ನಿಂತಿತು. ಕಂಬಕ್ಕೆ ನೇತುಹಾಕಿದ ರೇಡಿಯೋದಲ್ಲಿ ಆ ದಿನ ಮೂವರು ಸತ್ತವರು, ಕೊನೆಯವನು ಆನ್ಸೆಲ್ಮ್.

“...ತಂದೆ, ಪೋರ್ಟ್ ಆಫ್ ಸ್ಪೇನಿನ ಕೆನ್ರಿಕ್‌ಗೆ, ಟೊರಾಂಟೊದ ಲಿಸ್ಟ್ರಾಗೆ ಮತ್ತು ಗ್ವಾವ್‌ನ ಆಲ್ಬನ್‌ಗೆ...”

ಅಲ್ಲಿ ಒಂದು ಉಸಿರಿನ ಜಾಗ ಬಂತು. ಒಂದು ಹೆಸರು ಸಲೀಸಾಗಿ ಹಿಡಿಸುವಷ್ಟು ಜಾಗ. ಆಮೇಲೆ ತಮ್ಮಂದಿರು ಬಂದರು, ನಾದಿನಿಯರು ಬಂದರು, ಬ್ರೂಕ್ಲಿನ್ನಿನ ಪಡೆ ಬಂತು, ಏಳು ಜ್ಞಾನಮಕ್ಕಳು ಒಬ್ಬೊಬ್ಬರಾಗಿ ಬಂದರು. ಆಮೇಲೆ, ತೂಕವೆಲ್ಲ ಮುಗಿದ ಮೇಲೆ ಕೈಚೀಲಕ್ಕೆ ಎಸೆಯುವ ಕೊಸರಿನ ಹಾಗೆ: “...ವರ್ನಾಗೂ ತಂದೆ.”

ಔರೀಲಿಯಾ ಎಂಬ ಬಾಯಿಬಡುಕಿ ಮೊದಲು ಶುರುಮಾಡಿದಳು. “ಅಲ್ಲಾ, ಈ ಮನುಷ್ಯ ಊರಿಗೆಲ್ಲ ಮಾವ ಆಗಿ, ದೊಡ್ಡಪ್ಪ ಆಗಿ, ಎಲ್ಲ ಮುಗಿಸಿ ಆಮೇಲೆ ಮತ್ತೆ ತಂದೆ ಆದನಾ? ಎಪ್ಪತ್ತೆಂಟಕ್ಕೆ? ಅದೂ ಸತ್ತಮೇಲೆ?”

ಮೇಜುಗಳೆಲ್ಲ ಅಲುಗುವ ಹಾಗೆ ನಗು ಎದ್ದಿತು.

“ದೋಣಿ ಕಟ್ಟೋನಲ್ವೇನೇ, ಹೋಗ್ತಾ ಹೋಗ್ತಾ ಹಿಂದಕ್ಕೆ ಒಂದು ತುಂಡು ಹಗ್ಗ ಬಿಟ್ಟಿದಾನೆ.”

“ಪಾಪ, ಗಡ್ಡ ಬೋಳಿಸೋವಾಗ ಅವಳೇ ಮೊದಲು. ಈಗ ನಾಯಿಗಿಂತ ಒಂದು ಹೆಸರು ಮುಂಚೆ.”

“ಬರೆದವರು ಯಾರೇ?” ಎಂದಳು ಮೇಜಿನ ತುದಿಯ ಮುದುಕಿಯೊಬ್ಬಳು. ಮರೆವಿನ ವಯಸ್ಸು, ಅವಳಿಗೆ ನಿಜಕ್ಕೂ ನೆನಪಿರಲಿಲ್ಲ. ಉಳಿದವರಿಗೆ ಆಗ ನೆನಪಾಯಿತು. ನಗು ಒಂದೊಂದೇ ಬಾಯಿಯಲ್ಲಿ ಆರಿತು, ತಲೆಗಳು ಡೋರಾಳ ಕಡೆ ತಿರುಗಿದವು.

“ಮನೆಯವರು ಹೇಳಿದ್ದು,” ಎಂದಳು ಡೋರಾ. “ನಾನು ಬರೀ ಕೈ.”

ಕೈ ಮುಂದಿತ್ತು, ಜಾಯಿಕಾಯಿಯ ಮೇಲೆ. ಅದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಔರೀಲಿಯಾ ತನ್ನ ಕಾಯಿಯ ರಾಶಿಗೆ ತಿರುಗಿದಳು.

ಪ್ರಕಟಣೆ ಮೂರು ಸಲ ಬರುತ್ತದೆ: ಮಧ್ಯಾಹ್ನ, ಸಂಜೆ ಆರೂವರೆಗೆ, ಮಾರನೆಯ ಬೆಳಿಗ್ಗೆ. ಇನ್ನೂ ಎರಡು ಬಾಕಿ. ಡೋರಾ ತಲೆನೋವೆಂದು ಹೇಳಿ ಎರಡು ಗಂಟೆಗೇ ಎದ್ದು ಕಾಸ್ಮೋನ ಅಂಗಡಿಗೆ ಹೋದಳು. ಅಲ್ಲಿ ಫೋನಿತ್ತು.

“ಒಂದು ಹೆಸರು ಜಾಗ ಬದಲಾಯಿಸ್ಬೇಕು ಕಾಸ್ಮೋ. ಕೈತಪ್ಪು.”

“ನಿಮ್ಮ ಕೈ ತಪ್ಪಿತಾ? ಕ್ಯಾಲೆಂಡರಲ್ಲಿ ಗುರುತು ಹಾಕೋಣ.” ಕಾಸ್ಮೋ ಶವಪೆಟ್ಟಿಗೆಯ ಹಿಡಿಕೆಗೆ ಪಾಲಿಶ್ ಹಚ್ಚುತ್ತಿದ್ದ. “ಆಗುತ್ತೆ, ಆಗದೆ ಏನು. ಕೆಳಗೆ ಇಸ್ಮೇ ಅಮ್ಮನ ಸಹಿ ಇದೆಯಲ್ಲ, ಅವರೇ ಒಂದು ಚೀಟಿ ಬರ್ಕೊಟ್ರೆ ಸಾಕು. ಐದು ಗಂಟೆವರೆಗೂ ಫೋನ್ ಮಾಡ್ಬಹುದು.”

ಇನ್ನೂ ಮೂರು ಗಂಟೆಯ ಕಾಲವಿತ್ತು. ಬೇಕಾದಷ್ಟು. ಡೋರಾ ಏರು ಹತ್ತಿ ಮೇಲಿನ ಬೀದಿಗೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು: ಇಸ್ಮೇ, ಊರು ನಗುತ್ತಿದೆ. ಇಸ್ಮೇ, ಅವಳನ್ನಲ್ಲ, ನಿಮ್ಮ ಮನೆಯನ್ನೇ ನೋಡಿ ನಗುತ್ತಿದೆ. ಎರಡನೆಯದು ವ್ಯಾಪಾರಕ್ಕೆ ಒಳ್ಳೆಯ ಮಾತು, ನಾಟುತ್ತಿತ್ತು. ಗೇಟಿನ ಮೇಲೆ ಕೈ ಇಟ್ಟಳು.

ವರಾಂಡದಲ್ಲಿ ಸಂತಾಪಕ್ಕೆ ಬಂದ ಹೆಂಗಸರ ನಡುವೆ ಇಸ್ಮೇ ಕೂತಿದ್ದಳು. “ಇದೋ ನಮ್ಮ ಡೋರಾ,” ಎಂದಳು ಎಲ್ಲರಿಗೂ ಕೇಳುವ ಹಾಗೆ. “ಶನಿವಾರ ಇವಳೇ ಓದೋದು. ಏನಮ್ಮಾ, ಅಭ್ಯಾಸ ಆಯ್ತಾ?”

ಟೋಪಿ ಹಾಕಿದ ಆರೇಳು ತಲೆಗಳು ಅವಳತ್ತ ಬಾಗಿದವು, ಮರ್ಯಾದೆಯಿಂದ.

“ಆಗ್ತಾ ಇದೆ,” ಎಂದು ಡೋರಾ ಗೇಟಿನ ಮೇಲಿನ ಕೈ ತೆಗೆದಳು. ಅಲ್ಲಿಂದ ಇಳಿದು ಬರುವಾಗ ಯಾರೂ ಅಟ್ಟಿಸಿಕೊಂಡು ಬರಲಿಲ್ಲ, ಆದರೂ ಬೇಗ ಬೇಗ ನಡೆದಳು.

ಸಂಜೆ ಆರೂವರೆಗೆ ಕಿಟಕಿ ಮುಚ್ಚಿ ಕೂತಳು. ಎದುರುಮನೆಯ ರೇಡಿಯೋ ಮುಚ್ಚಿದ ಕಿಟಕಿಯನ್ನು ಲೆಕ್ಕಕ್ಕಿಡಲಿಲ್ಲ. ಮಾರನೆಯ ಬೆಳಿಗ್ಗೆ ವರ್ನಾ ತಲೆಯ ಮೇಲೆ ಬ್ರೆಡ್ ತಟ್ಟೆ ಹೊತ್ತು ಕೆಳಗಿನ ಬೀದಿ ಹಾಯುವ ಹೊತ್ತು, ಅದೇ ಹೊತ್ತಿಗೆ ಮೂರನೆಯ ಸಲ. ಒಂದು ಅಂಗಡಿ ದಾಟಿದರೆ ಇನ್ನೊಂದು ಅಂಗಡಿಯ ರೇಡಿಯೋ. ವರ್ನಾ ನಿಲ್ಲಲೂ ಇಲ್ಲ, ಓಡಲೂ ಇಲ್ಲ, ಕೊಳ್ಳುವವರಿಗೆ ಕೊಡುತ್ತಾ ನಡೆದಳಂತೆ. ಡೋರಾಗೆ ಹೇಳಿದವರು ಅಷ್ಟೇ ಹೇಳಿದರು. ಆ ವಾರವೆಲ್ಲ ಡೋರಾ ಬ್ರೆಡ್ ತಿನ್ನಲಿಲ್ಲ. ದೀವಿಹಲಸು ಬೇಯಿಸಿಕೊಂಡಳು, ಗೋದಾಮಿಗೆ ಹಿತ್ತಿಲ ಓಣಿಯಿಂದ ಹೋದಳು.

ಶನಿವಾರ ಮೂರಕ್ಕೆ ಇಗರ್ಜಿ ತುಂಬಿತು. ಕಾಸ್ಮೋ ಬಾಗಿಲಲ್ಲಿ ನಿಂತು ಪಟ್ಟಿ ಹಿಡಿದು ಕುಟುಂಬದವರನ್ನು ಕರೆದ. ಮೊದಲ ಬೆಂಚು ತುಂಬಿತು, ಎರಡನೆಯದು, ಮೂರನೆಯದು. ಬ್ರೂಕ್ಲಿನ್ನಿನವರಿಗೇ ಎರಡು ಬೆಂಚು ಬೇಕಾಯಿತು. ವರ್ನಾಳ ಸರದಿ ಬರುವ ಹೊತ್ತಿಗೆ ಜಾಗವಿರಲಿಲ್ಲ. “ಸ್ವಲ್ಪ ಸರೀತೀರಾ?” ಎಂದು ಕಾಸ್ಮೋ ಯಾರನ್ನೋ ಕೇಳಿದ. ವರ್ನಾ, “ಇರಲಿ ಬಿಡಿ,” ಎಂದು ಬಿಳಿ ಉಡುಪಿನಲ್ಲಿ ಬಾಗಿಲ ಕಂಬಕ್ಕೆ ಒರಗಿ ನಿಂತಳು.

ಡೋರಾ ಇದನ್ನೆಲ್ಲ ಪಾದ್ರಿಯ ಪಕ್ಕದ ಕುರ್ಚಿಯಿಂದ ನೋಡಿದಳು. ಅವಳ ಕೈಯಲ್ಲಿ ಎರಡು ಹಾಳೆ. ಹಿಂದಿನ ದಿನ ಅವಳು ಒಂದು ಉಪಾಯ ಮಾಡಿದ್ದಳು. ಹೆಡ್ಮಾಸ್ತರರ ನಿಯಮ ಮುರಿದು, ಒಬ್ಬೊಬ್ಬರಿಗೂ ಒಂದೊಂದು ‘ತಂದೆ’ ಬರೆದಿದ್ದಳು. ಕೆನ್ರಿಕ್‌ಗೆ ತಂದೆ, ಲಿಸ್ಟ್ರಾಗೆ ತಂದೆ, ಆಲ್ಬನ್‌ಗೆ ತಂದೆ, ವರ್ನಾಗೆ ತಂದೆ. ನಾಲ್ಕು ಸಲ ಹೇಳಿದರೆ ಯಾವುದೂ ಎರಡನೆಯದಾಗುವುದಿಲ್ಲ. ನಾಲ್ವರಿಗೂ ಅಳತೆ ಒಂದೇ. ಜೀವನದಲ್ಲಿ ಮೊದಲ ಸಲ ಮಾತು ಧಾರಾಳವಾಗಿ ಖರ್ಚು ಮಾಡಿದ್ದಳು.

ಎದ್ದು ನಿಂತು ಓದಿದಳು. ಚೆನ್ನಾಗಿಯೇ ಓದಿದಳು. ಅವನು ಕಟ್ಟಿದ ದೋಣಿಗಳು, ಅವನ ಕೋಪ, ಅವನ ಪಿಟೀಲು. ಜನ ನಕ್ಕಲ್ಲಿ ನಿಂತಳು, ಅತ್ತಲ್ಲಿ ನಿಂತಳು. ಉಸಿರು ಎಲ್ಲೂ ತಪ್ಪಲಿಲ್ಲ. ಆಮೇಲೆ ಮಕ್ಕಳ ಸಾಲು ಬಂತು.

“ಕೆನ್ರಿಕ್‌ಗೆ ತಂದೆ. ಲಿಸ್ಟ್ರಾಗೆ ತಂದೆ. ಆಲ್ಬನ್‌ಗೆ ತಂದೆ.”

ಇಸ್ಮೇ ತಲೆ ಎತ್ತಿದಳು. ಇದೇನು ಹೊಸ ಧಾಟಿ ಎಂಬಂತೆ ನೋಡಿದಳು, ಅಷ್ಟೇ. ನಾಲ್ಕನೆಯದನ್ನು ಅವಳು ಹೇಳಿದಳು. ಹೇಳಲಿಲ್ಲವೆಂದಲ್ಲ. ಆದರೆ ಅದು ಮುಂದಿನ ಬೆಂಚಿಗೂ ತಲುಪದೆ ಹಾಳೆಯ ಮೇಲೇ ಬಿತ್ತು.

ಎರಡನೆಯ ಬೆಂಚಿನಲ್ಲಿ ಆನ್ಸೆಲ್ಮ್ ಜೊತೆ ನಲವತ್ತು ವರ್ಷ ದೋಣಿಗೆ ಮೊಳೆ ಹೊಡೆದು ಕಿವಿ ಮಂದವಾದ ಭಾವಮೈದುನ ಲಾಜರಸ್ ಕೂತಿದ್ದ. ಡೋರಾಳ ತುಟಿ ಅಲ್ಲಾಡಿದ್ದು ಕಂಡು, ಕಿವಿಗೆ ಕೈ ಅಡ್ಡ ಹಿಡಿದು, ಕಿವುಡರು ಕೂಗುವ ಹಾಗೆ ಕೂಗಿದ: “ಯಾರಿಗೆ? ಇನ್ಯಾರಿಗೆ ತಂದೆ ಅಂದಳು?”

ಪಾದ್ರಿಯೂ ಅವಳ ಕಡೆ ನೋಡಿದ. ಎಲ್ಲರೂ ಉತ್ತರಕ್ಕೆ ಕಾಯುತ್ತಿದ್ದರು. ಒಂದು ಹೆಸರು, ಗಟ್ಟಿಯಾಗಿ, ಇನ್ನೊಮ್ಮೆ. ಹೇಳಿದ್ದರೆ ಕೇಳಿದವನಿಗೆ ಉತ್ತರ ಕೊಟ್ಟಂತೆ ಆಗುತ್ತಿತ್ತು, ಇಸ್ಮೇ ಕೂಡ ಏನೂ ಅನ್ನುವ ಹಾಗಿರಲಿಲ್ಲ. ಬಾಗಿಲ ಬಳಿ ವರ್ನಾ ಕಂಬ ಬಿಟ್ಟು ನೆಟ್ಟಗೆ ನಿಂತಿದ್ದಳು.

ಡೋರಾ ಹಾಳೆ ತಿರುಗಿಸಿದಳು. “ಅಣ್ಣ,” ಎಂದಳು, “ಥಿಯೋಫಿಲಸ್‌ಗೆ, ಮ್ಯಾಥಿಯಾಸ್‌ಗೆ...”

ಮಣ್ಣು ಮಾಡಿ ಬಂದ ಮೇಲೆ ಎಷ್ಟೋ ಜನ ಅವಳ ಕೈ ಕುಲುಕಿ ಎಷ್ಟು ಚೆನ್ನಾಗಿ ಓದಿದಿರಿ ಎಂದರು. ಪ್ರತಿಯೊಬ್ಬರೂ ಒಂದೊಂದು ಪೆಟ್ಟು ಹೊಡೆದು ಹೋದ ಹಾಗಾಯಿತು ಅವಳಿಗೆ.

ಆನ್ಸೆಲ್ಮ್ ಸತ್ತು ಹನ್ನೊಂದು ದಿನವಾಗಿತ್ತು. ಭಾನುವಾರ ಮಧ್ಯಾಹ್ನ, ಊಟವಾದ ಹೊತ್ತು, ವರ್ನಾ ಬಂದಳು. ಈ ಸಲ ಕೈಯಲ್ಲಿ ಹಿಟ್ಟಿರಲಿಲ್ಲ. ಕೂತುಕೋ ಎಂದು ಹೇಳುವ ಮುಂಚೆಯೇ ಕೂತಳು.

“ಸಿಟ್ಟಿದೆಯಾ ಅಂತ ಕೇಳ್ಬೇಡಿ. ಇದೆ. ಬೇರೆ ಕೆಲಸಕ್ಕೆ ಬಂದೆ. ನನ್ನ ಕಾಗದ ಬರ್ಕೊಡಿ.”

“ಯಾವ ಕಾಗದ?”

“ನಾನು ಸತ್ತಾಗ ರೇಡಿಯೋಗೆ ಹೋಗೋದು.”

“ಹುಚ್ಚು ಹುಡುಗಿ! ನಿಂಗಿನ್ನೂ ಮೂವತ್ತೆಂಟು.”

“ನಿಮಗೆ ಐವತ್ತು. ನನಗಿಂತ ಮೊದಲು ನೀವು ಹೋದ್ರೆ? ನಿಮ್ಮಷ್ಟು ಚೆನ್ನಾಗಿ ಬರೆಯೋರು ಇಲ್ಲ ಮಿಸ್ ಡೋರಾ, ನನ್ನ ಕಷ್ಟ ಅದೇ. ಕಾಸ್ಮೋ ಬರೆದಿದ್ರೆ ನಗ್ತಿದ್ದೆ. ನೀವು ಬರೆದ್ರಿ. ನಿಮಗೆ ಎಲ್ಲ ಗೊತ್ತಿತ್ತು.”

ಡೋರಾ ಕಾಗದ ತಂದಳು. ಪೆನ್ಸಿಲ್ ಚೂಪು ಮಾಡಿದಳು. ಚೂಪಾಗಿತ್ತು, ಆದರೂ ಇನ್ನಷ್ಟು ಮಾಡಿದಳು.

“ಮೊದಲ ಸಾಲು, ಮಗಳು, ಆನ್ಸೆಲ್ಮ್‌ಗೆ.”

“ನಿಮ್ಮಮ್ಮನಿಗೆ? ಇನ್ನೊಂದು ಸಲ ‘ಮಗಳು’ ಅಂತ...”

“ಇನ್ನೊಂದು ಸಲ ಬೇಡ.” ವರ್ನಾ ಬೆರಳು ಮೇಜಿನ ಮೇಲೆ ಒತ್ತಿದಳು. “ಇಬ್ಬರಿಗೂ ಸೇರಿ ಒಂದೇ. ಮಗಳು, ಆನ್ಸೆಲ್ಮ್‌ಗೆ ಮತ್ತು ಯುಜೀನಾಗೆ. ಅವರಿಬ್ಬರೂ ಒಂದಿನ ಒಂದು ಬೆಂಚಲ್ಲಿ ಕೂತಿಲ್ಲ. ಇಲ್ಲಿ ಕೂರ್ಲಿ.”

ಡೋರಾ ಬರೆದಳು.

“ಆಮೇಲೆ ತಂಗಿ. ಕೆನ್ರಿಕ್‌ಗೆ, ಲಿಸ್ಟ್ರಾಗೆ, ಆಲ್ಬನ್‌ಗೆ. ಅವರು ನನ್ನ ಎಲ್ಲಿ ಹಾಕ್ತಾರೋ ಹಾಕ್ಲಿ, ನನ್ನದ್ರಲ್ಲಿ ಅವರು ಮೊದಲೇ ಬರ್ತಾರೆ.”

ಮುಗಿಯಿತು. ಅರ್ಧ ಪುಟವೂ ಆಗಲಿಲ್ಲ. ಡೋರಾ ಶುದ್ಧಪ್ರತಿ ಮಾಡಿ ಮುಂದಿಟ್ಟಳು. ವರ್ನಾ ಮುಟ್ಟಲಿಲ್ಲ.

“ಓದಿ.”

ಡೋರಾ ಓದಿದಳು.

“ಹಾಗಲ್ಲ. ಎದ್ದು ನಿಂತ್ಕೊಂಡು. ಬಾಗಿಲು ತೆಗೆದು.”

ಡೋರಾ ಎದ್ದು ಬೀದಿಯ ಬಾಗಿಲು ತೆಗೆದಳು. ಎದುರುಮನೆಯ ಜಗಲಿಯಲ್ಲಿ ನಾಲ್ಕು ಜನ ಊಟದ ನಂತರದ ಹರಟೆಯಲ್ಲಿದ್ದರು. ಅವಳ ಸ್ವರ ಮೊದಲು ಸಿಕ್ಕಿಕೊಂಡಿತು, ಆಮೇಲೆ ಬಿಟ್ಟಿತು. ‘ಮಗಳು’ ಎಂದಾಗ ಹರಟೆ ನಿಂತಿತು. ‘ಆನ್ಸೆಲ್ಮ್‌ಗೆ ಮತ್ತು ಯುಜೀನಾಗೆ’ ಎಂದಾಗ ಅವರಲ್ಲೊಬ್ಬಳು ಎದ್ದೇ ನಿಂತಳು. ಡೋರಾ ಕೊನೆಯ ಹೆಸರಿನವರೆಗೂ ಓದಿದಳು.

“ಓದೋಕೆ ಬರುತ್ತೆ ನಿಮಗೆ,” ಎಂದಳು ವರ್ನಾ. ಹಾಳೆ ತೆಗೆದುಕೊಂಡು ನಾಲ್ಕಾಗಿ ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಮೇಜಿನ ಮೇಲಿದ್ದ ಕರಡು ಪ್ರತಿಯನ್ನೂ ಎತ್ತಿಕೊಂಡಳು.

“ಅದು ಕರಡು, ಅದ್ಯಾಕೆ?”

“ಇರ್ಲಿ. ತಿದ್ದೋಕೆ ಬರೋ ಅಂಥ ನನ್ನ ಕಾಗದ ಈ ಮನೇಲಿ ಒಂದೂ ಬೇಡ.”

ಅವಳು ಬೀದಿಗಿಳಿದು ಹೋದಳು. ಎದುರುಮನೆಯವಳು ನಿಂತೇ ಇದ್ದಳು, ಡೋರಾಳನ್ನೇ ನೋಡುತ್ತಾ. ಡೋರಾ ಬಾಗಿಲ ಚಿಲಕಕ್ಕೆ ಕೈ ಹಾಕಿದಳು. ಮುಚ್ಚಲಿಲ್ಲ. ನೋಡುವಷ್ಟು ಹೊತ್ತು ನೋಡಲಿ ಎಂದು ಅಲ್ಲೇ ನಿಂತಳು.